ಫ್ರೆಂಚ್ ರಾಕ್ಸ್ ಅಜ್ಜಿಗೆ ಬೋಂಜೂರ್

ಶುಕ್ರವಾರ ರಾತ್ರಿ ಒಂಬತ್ತೂವರೆಗೆ ಮಗಳ ಶಾಲೆಯ ವಾಟ್ಸಾಪ್ ಗ್ರೂಪಿಗೆ ಸುತ್ತೋಲೆ ಬಂತು. ಸೋಮವಾರ 'ಫ್ರೆಂಚ್ ಡೇ'. ಮಕ್ಕಳು ಅಡ್ಡಪಟ್ಟೆಯ ಟೀ ಶರ್ಟು, ಕೊರಳಿಗೆ ಕೆಂಪು ಸ್ಕಾರ್ಫು, ತಲೆಗೆ ಬೆರೆಟ್ ಟೋಪಿ ಹಾಕಿಕೊಂಡು ಬರಬೇಕು. ಡಬ್ಬಿಯಲ್ಲಿ ಫ್ರೆಂಚ್ ತಿಂಡಿಯೇ ಇರಬೇಕು. 'ದಯವಿಟ್ಟು ಫ್ರೆಂಚ್ ಫ್ರೈಸ್ ಕಳಿಸಬೇಡಿ' ಅಂತ ದಪ್ಪ ಅಕ್ಷರದಲ್ಲಿ ಎಚ್ಚರಿಕೆ ಬೇರೆ. ಯಾರೋ ಹೋದ ವರ್ಷ ಕಳಿಸಿ ಶಾಲೆಯ ಮಾನ ಕಳೆದಿರಬೇಕು.

ಶನಿವಾರ ಬೆಳಿಗ್ಗೆ ವೇಷದ ಬಟ್ಟೆ ಬಾಡಿಗೆಗೆ ಕೊಡುವ ಅಂಗಡಿಗೆ ಹೋದೆ. ನನ್ನ ಮುಖ ನೋಡಿದ ಕೂಡಲೇ ಅಂಗಡಿಯವನು 'ಫ್ರೆಂಚಾ ಸಾರ್?' ಅಂದ. ಬೆರೆಟ್‌ಗಳೆಲ್ಲ ಖಾಲಿ. ಕೊನೆಗೆ ಮೂಲೆಯಿಂದ ಒಂದು ಕಪ್ಪು ಉಣ್ಣೆ ಟೋಪಿ ಎಳೆದು, ಧೂಳು ಕೊಡವಿ, ಒಂದು ಪಕ್ಕಕ್ಕೆ ವಾಲಿಸಿ ತೋರಿಸಿದ. 'ಹೀಗೆ ಹಾಕಿದ್ರೆ ಫ್ರಾನ್ಸು. ನೆಟ್ಟಗೆ ಹಾಕಿದ್ರೆ ಊಟಿ.' ಈ ಮನುಷ್ಯನಿಗಿರುವಷ್ಟು ಸ್ಪಷ್ಟತೆ ಶಾಲೆಯವರಿಗೂ ಇಲ್ಲ.

ಅಲ್ಲಿಂದ ನಮ್ಮ ಬೀದಿಯ ಅಯ್ಯಂಗಾರ್ ಬೇಕರಿ. ಕ್ರೋಸಾಂ, ಅದೇ ಫ್ರೆಂಚರ ಪದರ ಪದರದ ಬನ್ನು, ಇದೆಯಾ ಅಂತ ಕೇಳಿದೆ. 'ಪಲ್ಯದ ಪಫ್ಸ್ ಇದೆ. ಪದರ ಅದಕ್ಕೂ ಇರತ್ತೆ ಅಲ್ವಾ?' ಅಂದರು. ವಾದ ಸರಿಯಾಗಿಯೇ ಇತ್ತು. ಆದರೆ ಫ್ರೈಸ್‌ಗೇ ಎಚ್ಚರಿಕೆ ಕೊಟ್ಟವರು ಪಫ್ಸ್‌ಗೆ ಏನು ಮಾಡಿಯಾರೋ ಅಂತ ಹೆದರಿ, ಮಾಲ್‌ಗೆ ಹೋಗಿ 180 ರೂಪಾಯಿಗೆ ಒಂದೇ ಒಂದು ಕ್ರೋಸಾಂ ತಂದೆ. ರಾತ್ರಿ ಫ್ರಿಜ್ಜಿನಲ್ಲಿ ಚಟ್ನಿ ಪಕ್ಕದಲ್ಲಿ ಅದು ಅತಿಥಿಯ ಹಾಗೆ ಮಲಗಿತ್ತು.

ಭಾನುವಾರ ಪೂರ್ತಿ ಮನೆಯಲ್ಲಿ ಬೋಂಜೂರ್, ಮೆರ್ಸಿ, ಬೋಂಜೂರ್, ಮೆರ್ಸಿ. ನಮ್ಮಮ್ಮ ಸೋರೆಕಾಯಿ ಹೆಚ್ಚುತ್ತಾ ಒಂದು ಗಂಟೆ ಸಹಿಸಿಕೊಂಡರು. ಆಮೇಲೆ, 'ಮೆರ್ಸಿ ಮೆರ್ಸಿ ಅಂತೈತಲ್ಲ ಮಗ, ಯಾರ್ನ್ಲಾ ಮೆರುಸ್ಬೇಕಂತೆ?' ಅಂದರು. ಫ್ರೆಂಚಿನಲ್ಲಿ ಹಾಗಂದ್ರೆ ಥ್ಯಾಂಕ್ಸ್, ಬೋಂಜೂರ್ ಅಂದ್ರೆ ನಮಸ್ಕಾರ ಅಂತ ವಿವರಿಸಿದೆ. ಫ್ರೆಂಚ್ ಅನ್ನೋ ಮಾತು ಕಿವಿಗೆ ಬಿದ್ದದ್ದೇ ತಡ, ಅಮ್ಮನ ಮುಖ ಅರಳಿತು. 'ನಮ್ಮೂರೇ ಪ್ರೆಂಚ್ ರಾಕ್ಸು ಕಣ್ಲಾ!'

ಸುಳ್ಳಲ್ಲ. ಮಂಡ್ಯ ಜಿಲ್ಲೆಯ ಪಾಂಡವಪುರವನ್ನು ಬ್ರಿಟಿಷರು ಫ್ರೆಂಚ್ ರಾಕ್ಸ್ ಅಂತಲೇ ಕರೆಯುತ್ತಿದ್ದರು. ಹೈದರ್, ಟಿಪ್ಪು ಕಾಲದಲ್ಲಿ ಮೈಸೂರಿನ ಸೈನ್ಯದಲ್ಲಿದ್ದ ಫ್ರೆಂಚರು ಅಲ್ಲಿನ ಬಂಡೆಗುಡ್ಡಗಳ ಹತ್ತಿರ ಬೀಡು ಬಿಟ್ಟಿದ್ದರಿಂದ ಬಂದ ಹೆಸರು. 1788ರಲ್ಲಿ ಟಿಪ್ಪುವಿನ ರಾಯಭಾರಿಗಳು ಫ್ರಾನ್ಸಿಗೇ ಹೋಗಿ, ಹದಿನಾರನೇ ಲೂಯಿ ದೊರೆಯ ಆಸ್ಥಾನದಲ್ಲಿ ನಿಂತು ಬಂದಿದ್ದರು. ಫ್ರಾನ್ಸಿಗೂ ನಮಗೂ ಇರುವ ನಂಟು ಟೋಪಿಗಿಂತ ಹಳೆಯದು. ಫ್ರೆಂಚ್ ಡೇಗೆ ಫ್ರೆಂಚ್ ರಾಕ್ಸ್ ಅಜ್ಜಿಯನ್ನೇ ಕರೆದುಕೊಂಡು ಬರಲಾ ಅಂತ ಗ್ರೂಪಿನಲ್ಲಿ ಕೇಳಿದೆ. ಮಿಸ್ ಉತ್ತರ ಕಳಿಸಿದರು: 'ಸೋ ನೈಸ್ ಸಾರ್. ಬಟ್ ಅದು ಹಿಸ್ಟರಿ ಪೋರ್ಷನ್.'

ಸೋಮವಾರ ಶಾಲೆಯ ಅಂಗಳದಲ್ಲಿ ಥರ್ಮಾಕೋಲಿನ ಐಫೆಲ್ ಟವರ್. ಅಸಲಿಯದು 330 ಮೀಟರ್, ಇದು ಆರಡಿ. ಅದರ ಮುಂದೆ ಊಟಿ ಟೋಪಿಯ ನಲವತ್ತು ಮಕ್ಕಳು. ಫ್ರೆಂಚರನ್ನು ನೋಡಿ ಕಲಿಯೋದು ಬೇಕಾದಷ್ಟಿದೆ ಅಂತ ಪ್ರಿನ್ಸಿಪಾಲರು ಇಂಗ್ಲಿಷಿನಲ್ಲಿ ಹೇಳಿದರು. ನನಗೂ ಹಾಗೇ ಅನ್ನಿಸಿತು. ಜಾಹೀರಾತು ಯಾವ ಭಾಷೆಯಲ್ಲೇ ಇರಲಿ, ಜೊತೆಗೆ ಫ್ರೆಂಚ್ ಇರಲೇಬೇಕು ಅಂತ 1994ರಲ್ಲೇ ಕಾನೂನು ಮಾಡಿಕೊಂಡವರು ಅವರು. ರೇಡಿಯೋದವರು ಇಷ್ಟು ಪಾಲು ಫ್ರೆಂಚ್ ಹಾಡು ಹಾಕಲೇಬೇಕು ಅಂತ ಲೆಕ್ಕ ಕಟ್ಟಿದವರೂ ಅವರೇ. ಅಂಗಡಿ ಬೋರ್ಡಿನಲ್ಲಿ 60 ಪರ್ಸೆಂಟ್ ಕನ್ನಡ ಇರಲಿ ಅಂತ ಇಲ್ಲಿ ನಿಯಮ ಬಂದಾಗ 'ಎಷ್ಟು ಸಣ್ಣ ಮನಸ್ಸು' ಅಂತ ಗ್ರೂಪಿನಲ್ಲಿ ಬೇಜಾರು ಮಾಡಿಕೊಂಡ ಒಬ್ಬರು, ಈಗ ಮುಂದಿನ ಸಾಲಿನಲ್ಲೇ ನಿಂತು ಮಗನ ವಿಡಿಯೋ ಮಾಡುತ್ತಿದ್ದರು.

ಹಾಗಂತ ನಮ್ಮ ಶಾಲೆ ಫ್ರಾನ್ಸಿನಿಂದ ಏನೂ ಕಲಿತಿಲ್ಲ ಅಂದರೆ ತಪ್ಪಾಗುತ್ತೆ. ಫ್ರಾನ್ಸಿನ ಪಶ್ಚಿಮದ ತುದಿಯಲ್ಲಿ ಬ್ರಿಟನಿ ಅಂತ ಒಂದು ಸೀಮೆ ಇದೆ. ಅಲ್ಲಿಯ ಬಹಳ ಜನರ ಮನೆಮಾತು ಬ್ರೆಟನ್ ಆಗಿತ್ತು. ಹಿಂದೆ ಅಲ್ಲಿನ ಶಾಲೆಗಳಲ್ಲಿ ಮಗು ಬ್ರೆಟನ್‌ನಲ್ಲಿ ಮಾತಾಡಿ ಸಿಕ್ಕಿಬಿದ್ದರೆ ಕೊರಳಿಗೆ ಮರದ ಚಪ್ಪಲಿಯನ್ನೋ ಇನ್ನೇನನ್ನೋ ನೇತುಹಾಕುತ್ತಿದ್ದರು. ಅದನ್ನು ಇಳಿಸಬೇಕು ಅಂದರೆ ಬ್ರೆಟನ್ ಆಡುವ ಇನ್ನೊಂದು ಮಗುವನ್ನು ಹಿಡಿದುಕೊಡಬೇಕು. ಸಂಜೆ ಯಾರ ಕೊರಳಲ್ಲಿ ಉಳಿಯುತ್ತೋ ಅವರಿಗೆ ಶಿಕ್ಷೆ.

ನಮ್ಮಲ್ಲಿ ಚಪ್ಪಲಿ ಇಲ್ಲ. ಕ್ಲಾಸ್ ಲೀಡರ್ ಹತ್ತಿರ ಒಂದು ಪುಸ್ತಕ ಇರುತ್ತೆ. ಕನ್ನಡದಲ್ಲಿ ಮಾತಾಡಿದವರ ಹೆಸರು ಅದರೊಳಗೆ, ಒಂದು ಸಲಕ್ಕೆ ಹತ್ತು ರೂಪಾಯಿ. ನವೆಂಬರ್ ಒಂದನೇ ತಾರೀಖು ಮಾತ್ರ ಬೆಳಿಗ್ಗೆ ಹನ್ನೊಂದರ ತನಕ ರಿಯಾಯಿತಿ.

ಫ್ರೆಂಚ್ ಡೇ ದಿನ ರಿಯಾಯಿತಿ ಇರಲಿಲ್ಲ. ಟವರಿನ ಅಂಟು ಇನ್ನೂ ಒಣಗಿರಲಿಲ್ಲವಂತೆ. 'ಪ್ಯಾರಿಸ್ ಕರೆಯುತಿದೆ' ನೃತ್ಯದ ಮಧ್ಯೆ ಅದು ಮೆಲ್ಲಗೆ ವಾಲಿತು, ಊಟಿ ಟೋಪಿಯ ಹಾಗೆ. ಆಮೇಲೆ ಮಕ್ಕಳ ಮೇಲೇ ಬರತೊಡಗಿತು. ಪಕ್ಕದಲ್ಲಿದ್ದ ಮಗಳು ತಾನು ಕಲಿತ ಬೋಂಜೂರ್, ಮೆರ್ಸಿ ಎರಡನ್ನೂ ಬಿಟ್ಟು, 'ಅಯ್ಯೋ ಬೀಳ್ತಾ ಇದೆ, ಓಡ್ರೋ!' ಅಂತ ಕೂಗಿದಳು. ಎಲ್ಲರೂ ಓಡಿದರು. ಯಾರಿಗೂ ಏನೂ ಆಗಲಿಲ್ಲ.

ಸಂಜೆ ಡೈರಿಯಲ್ಲಿ ಚೀಟಿ ಬಂತು. ಕನ್ನಡ ಮಾತಾಡಿದ್ದಕ್ಕೆ ದಂಡ, ಹತ್ತು ರೂಪಾಯಿ. ಕ್ರೋಸಾಂ ಡಬ್ಬಿಯಲ್ಲಿ ಹಾಗೇ ವಾಪಸ್ ಬಂದಿತ್ತು. ಮಗಳು ಆಯಾ ಹತ್ತಿರ ಚಿತ್ರಾನ್ನ ಇಸ್ಕೊಂಡು ತಿಂದಿದ್ದಳು.

ಚೀಟಿ ಓದಿ ಹೇಳಿದೆ. ಅಮ್ಮ ಕ್ರೋಸಾಂ ಮುರಿದು ಕಾಫಿಗೆ ಅದ್ದುತ್ತಾ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಸೊಂಟದ ಎಲೆಯಡಿಕೆ ಚೀಲ ಬಿಚ್ಚಿ, ಮಡಿಸಿಟ್ಟ ಇಪ್ಪತ್ತರ ನೋಟು ತೆಗೆದು ಮೊಮ್ಮಗಳ ಕೈಗಿಟ್ಟರು.

'ಹತ್ತು ಸಾಕಮ್ಮ' ಅಂದೆ.

'ಗೊತ್ತು ಕಣ್ಲಾ. ಇನ್ ಹತ್ತು ನಾಳೆದು.'