ಕಪ್ಪು ನೀರೆಂದರೆ ವಿಷವಲ್ಲ

ಅಮೆಜಾನ್‌ನಲ್ಲಿ ಕಪ್ಪು ಮತ್ತು ಕಂದು ನದಿಗಳು ಬೆರೆಯದೆ ಪಕ್ಕಪಕ್ಕ ಹರಿಯುವ ವಿಡಿಯೋ ನಿಮಗೂ ಬಂದಿರಬಹುದು. ‘ಕಪ್ಪಗಿರುವುದು ಕಾರ್ಖಾನೆ ವಿಷ, ಒಂದು ಮೀನೂ ಇಲ್ಲ’ ಅನ್ನುವ ಸಾಲು ಅದರ ಜೊತೆಗೇ ಬರುತ್ತದೆ.

ಇದು ತಪ್ಪು. ಆ ಕಪ್ಪು ನದಿ ಬ್ರೆಜಿಲ್‌ನ ರಿಯೊ ನೀಗ್ರೊ. ಕಾಡಿನಲ್ಲಿ ಕೊಳೆತ ಎಲೆಗಳ ಸಾರ ಇಳಿದು, ನೀರು ಕಡು ಚಹಾದ ಬಣ್ಣಕ್ಕೆ ತಿರುಗಿದೆ, ಅಷ್ಟೇ. ನೀರು ಆಮ್ಲೀಯ, ಲವಣ ಕಡಿಮೆ; ಸೊಳ್ಳೆಯೂ ಕಡಿಮೆ! ಮೀನುಗಳಂತೂ ನೂರಾರು ಜಾತಿ. ಅಕ್ವೇರಿಯಂನಲ್ಲಿ ಮಿನುಗುವ ಕಾರ್ಡಿನಲ್ ಟೆಟ್ರಾದ ತವರು ಇದೇ ಅಲ್ವಾ? ಮನೌಸ್ ನಗರದ ಬಳಿ ಕಂದು ಬಣ್ಣದ ಸೊಲಿಮೋಯ್ಸ್ ನದಿ ಸೇರಿದಾಗ ವೇಗ, ಉಷ್ಣತೆ, ಸಾಂದ್ರತೆ ಬೇರೆಯಾದ್ದರಿಂದ ಎರಡೂ ಸುಮಾರು 6 ಕಿ.ಮೀ. ಬೆರೆಯುವುದಿಲ್ಲ.

2018ರಲ್ಲಿ ಈ ಜಲಾನಯನದ ಸುಮಾರು 1.2 ಲಕ್ಷ ಚದರ ಕಿ.ಮೀ. ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವಾಯಿತು. ನಿಜವಾಗಿ ಭಯಪಡಬೇಕಾದ್ದು ಅಕ್ರಮ ಚಿನ್ನದ ಗಣಿಗಳ ಪಾದರಸಕ್ಕೆ. ಅದಕ್ಕೆ ಬಣ್ಣವೇ ಕಾಣುವುದಿಲ್ಲ.