ಮೊದಲು ಅಂಚು ಓದು

ಅಜ್ಜಿಯ ಮನೆಯ ನಡುಮನೆಯ ಕಂಬದಲ್ಲಿ ಒಂದು ಕೊಕ್ಕೆ ತಂತಿ ನೇತಾಡುತ್ತಿತ್ತು. ಬಂದ ಕಾಗದವನ್ನು ಓದಿಸಿಕೊಂಡ ಮೇಲೆ ಅದಕ್ಕೆ ಚುಚ್ಚಿಡುವುದು ರೂಢಿ. ಕಂದಾಯದ ರಸೀದಿ, ಮದುವೆಯ ಕರೆಯೋಲೆ, ಮುಂಬಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದ ಸೋದರಮಾವನ ಇನ್‌ಲ್ಯಾಂಡ್ ಪತ್ರ, ಎಲ್ಲದರ ನಡುವೆಯೂ ಒಂದೊಂದು ತೂತು. ಮಾವನ ಪತ್ರ "ಮಾತೃಶ್ರೀಯವರಿಗೆ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು, ಉಭಯ ಕುಶಲೋಪರಿ ಸಾಂಪ್ರತ" ಎಂದು ಆರಂಭವಾಗಿ, ಮಳೆ ಬಂತೇ, ಹಸು ಕರು ಹಾಕಿತೇ, ಪಕ್ಕದ ಮನೆಯವರ ಬೇಲಿ ಜಗಳ ಎಲ್ಲಿಗೆ ಬಂತು ಎನ್ನುವಷ್ಟರಲ್ಲಿ ಮಡಿಕೆಗಳನ್ನೆಲ್ಲ ತುಂಬಿಸಿಬಿಡುತ್ತಿತ್ತು. ಆಮೇಲೆ ಅಂಟು ಹಚ್ಚುವ ಪಟ್ಟಿಯ ಪಕ್ಕದಲ್ಲಿ, ಇರುವೆ ಸಾಲಿನಂಥ ಅಕ್ಷರಗಳು: "ಹೋದ ತಿಂಗಳು ಟೈಫಾಯ್ಡ್ ಆಗಿತ್ತು. ಈಗ ಗುಣವಾಗಿದೆ. ಚಿಂತಿಸಬಾರದು."

ಓದಿ ಹೇಳುವ ಕೆಲಸ ನನ್ನದು. ಅಜ್ಜಿಗೆ ಮಗನ ನಮಸ್ಕಾರದಲ್ಲಿ ಆಸಕ್ತಿ ಇರಲಿಲ್ಲ. "ಮೊದಲು ಅಂಚು ಓದು" ಎನ್ನುತ್ತಿದ್ದರು.

ಅಮೆರಿಕದ ಪಶ್ಚಿಮದ ಬಯಲಿಗೆ ಎತ್ತಿನ ಗಾಡಿ ಹೂಡಿಕೊಂಡು ಹೋದವರ ಪತ್ರಗಳನ್ನು ನಾನು ಓದತೊಡಗಿದ್ದು ಬಹಳ ತಡವಾಗಿ. ಓದುವ ಕ್ರಮ ಮಾತ್ರ ಅಜ್ಜಿಯದೇ. ಆ ಜನಕ್ಕೆ ಅಂಚು ಎನ್ನುವುದು ದುಡ್ಡಿನ ಪ್ರಶ್ನೆಯಾಗಿತ್ತು. 1845ಕ್ಕೆ ಮೊದಲು ಅಲ್ಲಿನ ಅಂಚೆಯವರು ದೂರವನ್ನೂ ಹಾಳೆಯನ್ನೂ ಲೆಕ್ಕ ಹಾಕುತ್ತಿದ್ದರು. 400 ಮೈಲಿ ದಾಟಿದರೆ ಹಾಳೆಗೆ 25 ಸೆಂಟ್. ಲಕೋಟೆಯೂ ಒಂದು ಹಾಳೆಯೇ ಎಂದು ಎಣಿಸುತ್ತಿದ್ದುದರಿಂದ ಕಾಗದವನ್ನೇ ಮಡಚಿ, ಅರಗಿನ ಮುದ್ರೆ ಒತ್ತಿ, ಬೆನ್ನ ಮೇಲೆ ವಿಳಾಸ ಬರೆದು ಕಳಿಸುತ್ತಿದ್ದರು. ಮುಂಗಡವಾಗಿ ಹಣ ಕಟ್ಟಲೇಬೇಕು ಎಂಬ ಕಾನೂನು ಬಂದದ್ದು 1855ರಲ್ಲಿ. ಅಲ್ಲಿಯವರೆಗೆ ಬರೆದವನು ಕೈ ಕೊಡವಿಕೊಂಡು ಹೋಗಬಹುದಿತ್ತು, ತೆರಬೇಕಾದವರು ಓದುವವರು. ಮಗ ಬದುಕಿದ್ದಾನೆ ಎಂದು ತಿಳಿಯಲು ತಾಯಿ ಗಂಟು ಬಿಚ್ಚಬೇಕು.

ಒಂದು ಹಾಳೆಯಲ್ಲಿ ಎರಡು ಹಾಳೆಯ ಸುದ್ದಿ ಹಿಡಿಸುವ ಉಪಾಯವೂ ಇತ್ತು. ಪುಟ ತುಂಬಿದ ಮೇಲೆ ಕಾಗದವನ್ನು ಅಡ್ಡಕ್ಕೆ ತಿರುಗಿಸಿ, ಬರೆದ ಸಾಲುಗಳ ಮೇಲೆಯೇ ಹೊಸ ಸಾಲುಗಳನ್ನು ಎಳೆಯುವುದು. ನೋಡಲು ಚಾಪೆಯ ಹೆಣಿಗೆಯ ಹಾಗೆ ಕಾಣುತ್ತದೆ. ದರ ಇಳಿದ ಮೇಲೂ ಈ ಚಟ ಹೋಗಲಿಲ್ಲ. ದೀಪದ ಬೆಳಕಿನಲ್ಲಿ ಅದನ್ನು ಬಿಡಿಸಿ ಓದಿದ ಮುದುಕಿಯರ ಕಣ್ಣಿಗೆ ನನ್ನದೊಂದು ನಮಸ್ಕಾರ. ನಾನು ಪ್ರಯತ್ನಿಸಿ ನೋಡಿದ್ದೇನೆ. ಎರಡನೆಯ ಸಾಲಿಗೆ ತಲೆ ತಿರುಗಿತು.

ಎಲ್ಲ ಪತ್ರಗಳಲ್ಲಿ ನನಗೆ ಅಚ್ಚುಮೆಚ್ಚಿನದು ವರ್ಜೀನಿಯಾ ರೀಡ್ ಎಂಬ ಹದಿಮೂರು ವರ್ಷದ ಹುಡುಗಿಯದು. ಕ್ಯಾಲಿಫೋರ್ನಿಯದಿಂದ 1847ರ ಮೇ 16ರಂದು, ಇಲಿನಾಯ್‌ನಲ್ಲಿ ಉಳಿದಿದ್ದ ಸೋದರಮಾವನ ಮಗಳು ಮೇರಿಗೆ ಬರೆದದ್ದು. ಹಿಂದಿನ ವರ್ಷ ಅವಳ ಮನೆಯವರಿದ್ದ ಗಾಡಿಗಳ ತಂಡ ಹತ್ತಿರದ ದಾರಿ ಎಂದು ನಂಬಿ ಒಳದಾರಿ ಹಿಡಿದು, ತಡವಾಗಿ, ಸಿಯೆರಾ ನೆವಾಡ ಬೆಟ್ಟಗಳ ಹಿಮದಲ್ಲಿ ಸಿಕ್ಕಿಬಿತ್ತು. ಡಾನರ್ ತಂಡ ಎಂದು ಚರಿತ್ರೆ ಅದನ್ನು ಕರೆಯುತ್ತದೆ. 87 ಜನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಸತ್ತರು. ಬದುಕಿದವರಲ್ಲಿ ಹಲವರು ಸತ್ತವರನ್ನು ತಿಂದು ಬದುಕಿದರು. ಹುಡುಗಿ ಇದನ್ನೆಲ್ಲ ಬರೆಯುತ್ತಾಳೆ, ಕಾಗುಣಿತವನ್ನು ಗಾಳಿಗೆ ತೂರಿ. ಮನೆಯ ನಾಯಿ ಕ್ಯಾಶ್‌ನನ್ನು ಕೊಂದು ತಲೆ, ಕಾಲು, ಚರ್ಮ ಬಿಡದೆ ತಿಂದೆವು ಎನ್ನುತ್ತಾಳೆ. ಇಷ್ಟು ಹೇಳಿ, ಪಟ್ಟ ಕಷ್ಟದಲ್ಲಿ ಅರ್ಧವನ್ನೂ ನಿನಗೆ ಬರೆದಿಲ್ಲ ಎನ್ನುತ್ತಾಳೆ. ಒಳದಾರಿ ಹಿಡಿಯಬೇಡಿ, ಆದಷ್ಟು ಬೇಗ ಬೇಗ ಬನ್ನಿ ಎಂದು ಬುದ್ಧಿಯನ್ನೂ ಹೇಳುತ್ತಾಳೆ.

ಈ ಬುದ್ಧಿಮಾತು ಇಂದಿಗೂ ಪ್ರಸಿದ್ಧ. ನನಗೆ ಇಷ್ಟವಾಗುವುದು ಬೇರೆಯದು. ಅದೇ ಪತ್ರದಲ್ಲಿ ಅವಳು, ಹೆನ್ರಿಯೆಟಾಗೆ ಮದುವೆಯಾಗುವ ಆಸೆಯಿದ್ದರೆ ಇಲ್ಲಿಗೆ ಬರಲು ಹೇಳು, ಸ್ಪೇನಿನವನೊಬ್ಬ ಯಾವಾಗ ಬೇಕಾದರೂ ಸಿಗುತ್ತಾನೆ ಎಂದು ಬರೆದಿದ್ದಾಳೆ. ನಾಯಿಯ ಚರ್ಮ ಬೇಯಿಸಿ ತಿಂದ ಹುಡುಗಿ ಕೆಲವೇ ತಿಂಗಳಲ್ಲಿ ಊರಿನ ಹುಡುಗಿಯರಿಗೆ ವರ ಹುಡುಕಲು ನಿಂತಿದ್ದಳು. ಮೇರಿಗೆ ಧೈರ್ಯ ಬಂದದ್ದು ಈ ಸಾಲು ಓದಿದ ಮೇಲೆಯೇ ಎಂದು ನನ್ನ ಊಹೆ. ನಾವು ಬದುಕಿದೆವು ಎಂದು ಯಾರು ಬೇಕಾದರೂ ಬರೆಯಬಹುದು. ಚೇಷ್ಟೆ ಮಾಡುವುದಕ್ಕೆ ನಿಜವಾಗಿಯೂ ಬದುಕಿರಬೇಕು.

ಎರಡು ವರ್ಷದ ನಂತರ ಚಿನ್ನದ ಹುಚ್ಚಿನಲ್ಲಿ ಅದೇ ಕ್ಯಾಲಿಫೋರ್ನಿಯಕ್ಕೆ ಗಂಡಸರು ನುಗ್ಗಿದರು. ಪನಾಮಾ ಮಾರ್ಗವಾಗಿ ಹಡಗಿನಲ್ಲಿ ಟಪಾಲು ಬಂತೆಂದರೆ ಸ್ಯಾನ್ ಫ್ರಾನ್ಸಿಸ್ಕೋದ ಅಂಚೆ ಕಚೇರಿಯ ಮುಂದೆ ಸಾಲು. ಊರಿನಿಂದ ಕಾಗದ ಬರುವ ನಿರೀಕ್ಷೆಯೇ ಇಲ್ಲದವರೂ ನಿಂತು, ಮುಂದೆ ಸರಿದಾಗ ತಮ್ಮ ಜಾಗವನ್ನು ಮಾರಿಕೊಳ್ಳುತ್ತಿದ್ದರಂತೆ. ಗಣಿಯ ಬಿಡಾರಗಳವರೆಗೆ ಪತ್ರ ತಂದುಕೊಡಲು ಅಲೆಕ್ಸಾಂಡರ್ ಟಾಡ್ ಎಂಬಾತ ಪಡೆಯುತ್ತಿದ್ದ ಕೂಲಿ ಒಂದು ಔನ್ಸ್ ಚಿನ್ನದ ಪುಡಿ, ನಮ್ಮ ಲೆಕ್ಕದಲ್ಲಿ ಎರಡೂವರೆ ತೊಲಕ್ಕೂ ಹೆಚ್ಚು. ಅಷ್ಟು ತೂಗಿಕೊಟ್ಟು ಬಿಡಿಸಿದ ಪತ್ರದಲ್ಲಿ ಹಸು ಕರು ಹಾಕಿದ ಸುದ್ದಿ ಮಾತ್ರ ಇದ್ದಿದ್ದರೂ ಯಾರೂ ನಷ್ಟವಾಯಿತು ಎಂದಿರಲಾರರು. 1860ರಲ್ಲಿ ಬಂದ ಪೋನಿ ಎಕ್ಸ್‌ಪ್ರೆಸ್ ಕುದುರೆ ಬದಲಿಸುತ್ತಾ ಸುಮಾರು ಹತ್ತು ದಿನದಲ್ಲಿ ಪತ್ರ ಮುಟ್ಟಿಸಿತು, ಅರ್ಧ ಔನ್ಸಿಗೆ ಐದು ಡಾಲರ್. ಒಂದೂವರೆ ವರ್ಷಕ್ಕೆ ಟೆಲಿಗ್ರಾಫ್ ತಂತಿ ಬಂದು ಅದನ್ನು ಮುಚ್ಚಿಸಿತು. ಅಷ್ಟು ದುಬಾರಿ ಪತ್ರದಲ್ಲಿ ಅತ್ತೆಯ ಸಂಧಿವಾತವನ್ನು ಯಾರು ವಿಚಾರಿಸುತ್ತಾರೆ? ಅದು ವ್ಯಾಪಾರಿಗಳ, ಪತ್ರಿಕೆಯವರ ಕುದುರೆ.

ದಾರಿಯಲ್ಲಿದ್ದವರಿಗೆ ಕಾಗದವೂ ಬೇಕಿರಲಿಲ್ಲ. ಬಿಸಿಲಿಗೆ ಬೆಳ್ಳಗಾದ ಕಾಡೆಮ್ಮೆಯ ತಲೆಬುರುಡೆಯ ಮೇಲೆ ಹೆಸರು, ತಾರೀಕು, ಎಲ್ಲರೂ ಕ್ಷೇಮ ಎಂದು ಬರೆದು, ಹಿಂದೆ ಬರುವ ಗಾಡಿಯವರಿಗೆ ಕಾಣುವಂತೆ ಇಟ್ಟು ಹೋಗುತ್ತಿದ್ದರು. ಸತ್ತ ಪ್ರಾಣಿಯ ತಲೆಯ ಮೇಲೆ "ಕ್ಷೇಮ"! ಉಭಯ ಕುಶಲೋಪರಿ ಬರೆದ ಯಾವ ಮಾವನಿಗೂ ಈ ಉಪಾಯ ಹೊಳೆದಿರಲಿಲ್ಲ.

ಊರಿಗೆ ಏನು ಗೊತ್ತಾಗಬೇಕು, ಏನು ಗೊತ್ತಾಗಬಾರದು ಎಂಬ ವಿಷಯದಲ್ಲಿ ಮಾತ್ರ ಮಾವನೂ ಆ ಬಯಲಿಗೆ ಹೋದವರೂ ಒಂದೇ. ನೆಬ್ರಾಸ್ಕದ ಬಯಲಿನಲ್ಲಿ ಮರ ಅಪರೂಪ. ಹುಲ್ಲಿನ ಬೇರು ಸಮೇತ ನೆಲವನ್ನು ಕತ್ತರಿಸಿ, ಇಟ್ಟಿಗೆಯಂತೆ ಪೇರಿಸಿ ಮನೆ ಕಟ್ಟುತ್ತಿದ್ದರು. ಮಳೆಗೆ ಸೋರುವುದು, ಮಾಡಿನಿಂದ ಒಮ್ಮೊಮ್ಮೆ ಹಾವು ಇಳಿಯುವುದು. 1880ರ ದಶಕದಲ್ಲಿ ಸಾಲೊಮನ್ ಬುಚರ್ ಎಂಬ ಛಾಯಾಗ್ರಾಹಕ ಅಂಥ ಮನೆಗಳ ಮುಂದೆ ಕುಟುಂಬಗಳನ್ನು ನಿಲ್ಲಿಸಿ ಚಿತ್ರ ತೆಗೆಯುತ್ತಾ ತಿರುಗುತ್ತಿದ್ದ. ಒಬ್ಬ ಯಜಮಾನಿತಿ ಒಪ್ಪಲಿಲ್ಲ. ಮನೆಗೆ ಕೊಂಡಿದ್ದ ಆರ್ಗನ್ ವಾದ್ಯ ದೇಶದ ಪೂರ್ವ ಭಾಗದಲ್ಲಿದ್ದ ನೆಂಟರ ಕಣ್ಣಿಗೆ ಬೀಳಬೇಕು, ಮಣ್ಣಿನ ಮನೆ ಬೀಳಬಾರದು. ಕೊನೆಗೆ ಆರ್ಗನ್ನನ್ನೇ ಹೊರಗೆ ಹೊತ್ತು ತಂದು, ಮನೆ ಕಾಣದ ಕಡೆ ಇಟ್ಟು, ಸುತ್ತ ಎಲ್ಲರೂ ಗಂಭೀರವಾಗಿ ನಿಂತರು. ಆ ಚಿತ್ರ ಈಗಲೂ ಇದೆ. ಅದನ್ನು ನೋಡಿ ನಾನು ನಗಲಾರೆ. ಮಾವ ಒಮ್ಮೆ ಕೋಟು ಹಾಕಿಕೊಂಡು ತೆಗೆಸಿದ ಫೋಟೋ ಕಳಿಸಿದ್ದರು. ಕೋಟು ಸ್ಟುಡಿಯೋದವರದು ಎಂದು ಅಂಚಿನಲ್ಲೂ ಬರೆದಿರಲಿಲ್ಲ.

ಅಜ್ಜಿಯ ಉತ್ತರಗಳನ್ನು ಬರೆಯುತ್ತಿದ್ದವನೂ ನಾನೇ. ಒಂದು ಮಳೆಗಾಲ ಅಜ್ಜಿಯ ಎರಡು ಕಣ್ಣಿಗೂ ಪೊರೆ ಬಂದಿತ್ತು. ಒಲೆಯ ಮುಂದೆ ಕೈ ಸುಟ್ಟುಕೊಂಡಿದ್ದರು. ಬಟ್ಟೆ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಹೇಳಿದರು, ನಾನು ಬರೆದೆ: ಎಲ್ಲರೂ ಕ್ಷೇಮ, ಮಳೆ ಚೆನ್ನಾಗಿದೆ, ಕೆಂಪು ಹಸು ಕರು ಹಾಕಿದೆ, ಹೆಣ್ಣು ಕರು. ಮಡಿಕೆಗಳು ತುಂಬಿದವು. ಪೆನ್ನು ಹಿಡಿದು ಕೇಳಿದೆ, "ಅಜ್ಜಿ, ಅಂಚಿನಲ್ಲಿ ಏನು ಬರೆಯಲಿ?"

"ಅಲ್ಲಿ ಏನೂ ಬೇಡ. ಅಂಟು ಹಚ್ಚು" ಎಂದರು.