ಬೆಟ್ಟದ ಮೇಲಿನವರಿಗೆ ಫುಲ್ ಚಾರ್ಜ್ ಯಾಕೆ?

ಎಲೆಕ್ಟ್ರಿಕ್ ಗಾಡಿಗಳನ್ನು ಮನೆಯಲ್ಲಿ ಚಾರ್ಜ್ ಮಾಡುವ ಬಗ್ಗೆ ನಿಮ್ಮ ಲೇಖನ ಚೆನ್ನಾಗಿದೆ. ಆದರೆ ‘ರಾತ್ರಿಯಿಡೀ ಚಾರ್ಜಿಗೆ ಹಾಕಿ, ಬೆಳಿಗ್ಗೆ 100 ಪರ್ಸೆಂಟ್‌ನಲ್ಲಿ ಹೊರಡಿ’ ಅನ್ನುವ ಸಲಹೆ ನಮ್ಮ ಚಿಕ್ಕಮಗಳೂರಿನ ಕಡೆ ಎಲ್ಲರಿಗೂ ಸರಿಹೊಂದುವುದಿಲ್ಲ. ಗಿರಿಗೆ ಹೋಗುವ ದಾರಿಯ ಕೈಮರದಿಂದ ಮೇಲೆ, ತೋಟದ ಮನೆಗಳಲ್ಲಿ ಇರುವವರನ್ನೇ ನೋಡಿ. ಗೇಟ್ ದಾಟಿದರೆ ಬರೀ ಇಳಿಜಾರು. ಬ್ಯಾಟರಿ ತುಂಬಿದ್ದರೆ ಮೋಟರ್ ವಾಪಸ್ ಕಳಿಸುವ ಕರೆಂಟ್ ಹಿಡಿಸಲು ಒಳಗೆ ಜಾಗವೇ ಇರುವುದಿಲ್ಲ. ಆಗ ರೀಜನ್ (ಇಳಿಯುವಾಗ ಮೋಟರೇ ವೇಗ ತಗ್ಗಿಸಿ ಬ್ಯಾಟರಿ ಚಾರ್ಜ್ ಮಾಡುವುದು) ತುಂಬಾ ಕಡಿಮೆಯಾಗುತ್ತದೆ, ಕೆಲವು ಗಾಡಿಗಳಲ್ಲಿ ಪೂರ್ತಿ ನಿಂತೇ ಹೋಗುತ್ತದೆ. ಒದ್ದೆ ತಿರುವಿನಲ್ಲಿ ಎಲ್ಲ ಭಾರವೂ ಬ್ರೇಕ್ ಮೇಲೆ! 80-85ಕ್ಕೆ ನಿಲ್ಲಿಸಿದರೆ ಇಳಿಯುವಾಗ ಒಂದಿಷ್ಟು ಚಾರ್ಜ್ ಸುಮ್ನೆ ಸಿಗುತ್ತದೆ, ಬ್ಯಾಟರಿಗೂ ಒಳ್ಳೆಯದು.

ಎಲ್ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ಇರುವವರ ಮಾತು ಬೇರೆ. ಅದನ್ನು ಆಗಾಗ 100ರವರೆಗೆ ತುಂಬಿಸಲೇಬೇಕು, ಇಲ್ಲದಿದ್ದರೆ ಮೀಟರ್ ತೋರಿಸುವ ಪರ್ಸೆಂಟ್ ತಪ್ಪುತ್ತಾ ಹೋಗುತ್ತದೆ. ನಿಮ್ಮದು ಯಾವುದು ಅಂತ ಮ್ಯಾನುಯಲ್‌ನಲ್ಲಿ ನೋಡಿಕೊಳ್ಳಿ.

ಸಂಜೆ ಘಾಟಿ ಹತ್ತಿ ಬಂದ ಕೂಡಲೇ ಪ್ಲಗ್ ಹಾಕಬೇಡಿ. ಬ್ಯಾಟರಿ ಬಿಸಿಯಾಗಿರುತ್ತದೆ. ಕೈಕಾಲು ತೊಳೆದು ಕಾಫಿ ಕುಡಿಯಿರಿ, ಅರ್ಧ ಗಂಟೆ ಬಿಟ್ಟು ಹಾಕಿ.

ಲೇಖನದಲ್ಲಿ ಅರ್ಥಿಂಗ್ ಬಗ್ಗೆ ಒಂದೇ ಸಾಲು ಇದೆ, ಅದು ಸಾಲದು. ಇಲ್ಲಿನ ಎಷ್ಟೋ ಹಳೆ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಹಿಂದೆ ಅರ್ಥ್ ವೈರೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಚೆಕ್ ಮಾಡಿಸಿ, ಚಾರ್ಜರ್‌ಗೆ ಅಂತಲೇ 16 ಆಂಪ್ಸ್ ಪಾಯಿಂಟ್ ಹಾಕಿಸಿ. ಟಿವಿಗೆ ಇಟ್ಟ ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ. ಅರ್ಧ ಗಂಟೆ ಚಾರ್ಜ್ ಆದ ಮೇಲೆ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು ಪಿನ್ ಹತ್ತಿರ ನೋಡಿ. ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಅಲ್ಲಿ ವಿಪರೀತ ಬಿಸಿಯಾಗುತ್ತಿದೆ ಅಂತ ಅರ್ಥ, ಸಾಕೆಟ್ ಸಡಿಲ ಇರಬಹುದು. ಇನ್ನು ಮೆಟ್ಟಿಲ ಕೆಳಗೆ, ಬೆಂಕಿ ಬಿದ್ದರೆ ಹೊರಗೆ ಓಡಬೇಕಾದ ದಾರಿಯಲ್ಲೇ ಗಾಡಿ ಚಾರ್ಜಿಗೆ ಹಾಕುವವರು ಜಾಸ್ತಿ ಅಲ್ವಾ? ಅದರ ಬಗ್ಗೆಯೂ ಮುಂದಿನ ಸಲ ಬರೆಯಿರಿ.